ಮಗ್ಗಗಳು ನಿಂತಾಗ ಕೇಳಿಸಿದ್ದು

ಬನಹಟ್ಟಿ
೬ ಏಪ್ರಿಲ್ ೨೦೨೦

ಪೂಜ್ಯ ಮಾವನವರ ಪಾದಗಳಿಗೆ ಸೊಸೆ ಪೂರ್ಣಿಮಾಳ ನಮಸ್ಕಾರಗಳು.

ಫೋನಿನಲ್ಲಿ ನಾನು ಹೇಳುವುದು ನಿಮಗೆ ಕೇಳಿಸುವುದಿಲ್ಲ, ನೀವು ಅಲ್ಲಿಂದ ಒದರುವುದು ಇಲ್ಲಿ ಇಡೀ ಓಣಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಪೋಸ್ಟಿನ ನಾಮದೇವಣ್ಣನನ್ನು ಕೇಳಿದೆ. "ಟಪಾಲ ನಿಂತಿಲ್ಲ ತಂಗಿ, ತಡಾ ಆದ್ರೂ ಮುಟ್ಟತೈತಿ" ಎಂದ.

ಅನ್ನವ್ವಕ್ಕನ ಹೊಸ ಮನೆಯ ವಾಸ್ತುಶಾಂತಿಗೆಂದು ಹೋದವರು ನೀವು ಬೀಳಗಿಯಲ್ಲೇ ಸಿಕ್ಕಿಬಿದ್ದಿರಿ. ಮಗಳ ಮನೆ, ಊಟಕ್ಕೇನೂ ಕೊರತೆ ಇರಲಿಕ್ಕಿಲ್ಲ. ಆದರೂ ನೀವಿಲ್ಲದೆ ಇಲ್ಲಿ ಹೆದರಿಕೆ ಹೆಚ್ಚಾಗಿದೆ.

ಓಣಿಯ ಮಗ್ಗಗಳೆಲ್ಲ ನಿಂತಿವೆ, ಮಾವನವರೇ. ನಾನು ಮದುವೆಯಾಗಿ ಬಂದಾಗಿನಿಂದ ಈ ಊರು ಸುಮ್ಮನಿದ್ದದ್ದನ್ನೇ ನೋಡಿರಲಿಲ್ಲ. ನಮ್ಮ ಗೋಡೆಯ ಗಡಿಯಾರಕ್ಕೆ ಸಪ್ಪಳ ಇದೆ ಎಂಬುದು ನನಗೆ ಈಗ ಗೊತ್ತಾಯಿತು. ನಿಮ್ಮ ಮಗ ಗೊರಕೆ ಹೊಡೆಯುತ್ತಾರೆ ಎಂಬುದೂ ಗೊತ್ತಾಯಿತು. ಇಷ್ಟು ವರ್ಷ ಪಕ್ಕದ ಪಾವರಲೂಮುಗಳು ನನ್ನನ್ನು ಕಾಪಾಡಿದ್ದವು. ನಗಬೇಡಿ. ನಗುವ ಕಾಲವೂ ಇದಲ್ಲ. ಬೇನೆ ಮುಧೋಳದ ಕಡೆ ಬಂತಂತೆ, ಜಮಖಂಡಿಗೆ ಬಂತಂತೆ ಎಂದು ದಿನಕ್ಕೊಂದು ಸುದ್ದಿ. ಯಾರಾದರೂ ಕೆಮ್ಮಿದರೆ ಎದುರುಮನೆಯ ಬಾಗಿಲು ಮುಚ್ಚುತ್ತದೆ. ಇವರು ಕಿರಾಣಿ ತರಲು ಹೋಗಿ ಬಂದರೆ ಸೋಪು ಕರಗುವವರೆಗೆ ಕೈ ತೊಳೆಸುತ್ತೇನೆ. ಮನೆಯೊಳಗೂ ಮೂವರೂ ಮಾಸ್ಕ ಕಟ್ಟಿಕೊಂಡೇ ಇದ್ದೇವೆ.

ನಿಮ್ಮ ಮೊಮ್ಮಗಳು ಅಕ್ಕು ಆರಾಮ ಇದ್ದಾಳೆ. ಸ್ವಲ್ಪ ಹಠ ಹೆಚ್ಚಾಗಿದೆ, ಕರೆದರೆ ಓ ಅನ್ನುವುದಿಲ್ಲ. ಶಾಲೆ ಇಲ್ಲದೆ ಸದರ ಆಗಿದೆ, ಅಷ್ಟೇ.

ನಿಮ್ಮ ಪೂರ್ಣಿಮಾ

*

ಬೀಳಗಿ
೧೫ ಏಪ್ರಿಲ್ ೨೦೨೦

ಚಿ. ಸೌ. ಪೂರ್ಣಿಮಾಳಿಗೆ ರಾಮಲಿಂಗಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಗುರುಪಾದನ ಗೊರಕೆಯ ಮಾತು ಓದಿ ಒಬ್ಬನೇ ನಕ್ಕೆ. ಅವನ ತಾಯಿ ಅದನ್ನು ಇಪ್ಪತ್ತು ವರ್ಷ ನನ್ನ ಮೇಲೆ ಹಾಕುತ್ತಿದ್ದಳು.

ಇಲ್ಲಿ ನನಗೇನೂ ಕಡಿಮೆ ಇಲ್ಲ, ಮಾತೊಂದನ್ನು ಬಿಟ್ಟು. ಅಳಿಯನದು ಔಷಧದ ಅಂಗಡಿ, ದಿನವೂ ಹತ್ತು ಮಂದಿ ಬಂದು ಹೋಗುವ ಜಾಗ. ಅದಕ್ಕೇ ಮನೆಯವರೆಲ್ಲ ಮೂಗುಬಾಯಿ ಕಟ್ಟಿಕೊಂಡು ಓಡಾಡುತ್ತಾರೆ. ಅದು ಸರಿ. ಆದರೆ ನನ್ನ ಜೊತೆ ಯಾರೂ ಮಾತಾಡುವುದನ್ನೇ ಬಿಟ್ಟಿದ್ದಾರೆ. ಅನ್ನವ್ವ ತಾಟು ಇಟ್ಟು ಹೋಗುತ್ತಾಳೆ. ನಾನೇ ಏನಾದರೂ ಕೇಳಿದರೆ ಕಣ್ಣು ದೊಡ್ಡದು ಮಾಡಿ ನಿಲ್ಲುತ್ತಾಳೆ. ವಾಸ್ತುಶಾಂತಿಯಲ್ಲಿ ನಾನೇನಾದರೂ ತಪ್ಪು ಮಾತಾಡಿದೆನೋ, ಮುದುಕ ಇಲ್ಲೇ ಠಿಕಾಣಿ ಹೂಡಿದ ಎಂದು ಬೇಸರವೋ, ತಿಳಿಯದು. ಸ್ವಂತ ಮಗಳ ಮನೆಯಲ್ಲಿ ಇಷ್ಟು ಬೇಗ ಬೇಡಾದೆನೇನು ಎಂದು ಅನ್ನಿಸುತ್ತದೆ. ಇದನ್ನು ಗುರುಪಾದನಿಗೆ ಹೇಳಬೇಡ.

ಅಕ್ಕುನ ಹಠದ ಮಾತು ಬರೆದೆ. ಅವಳಿಗೆ ಬಯ್ಯಬೇಡ ಯವ್ವಾ. ಅದರಷ್ಟು ಚುರುಕು ಕೂಸು ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ಪಾವರಲೂಮಿನ ಖಟಖಟದಲ್ಲಿ ನಾನು ಬಾಯಿ ಅಲ್ಲಾಡಿಸಿದರೆ ಸಾಕು, ಅಂಗಳದ ಆ ಕಡೆಯಿಂದ ಓಡಿಬಂದು ನೂಲು ಸುತ್ತಿದ ಕಂಡಿಕೆಯ ಪುಟ್ಟಿ ಮುಂದಿಡುತ್ತಿದ್ದಳು. ದೊಡ್ಡವರಿಗೂ ಮೂರು ಸಲ ಹೇಳಬೇಕು, ಅವಳಿಗೆ ಒಂದೇ ಸಲ. ನಾನು ಇಲ್ಲ ಎಂದು ಮುನಿಸಿಕೊಂಡಿರಬೇಕು. ಅಜ್ಜ ಬರುವಾಗ ಕರದಂಟು ತರುತ್ತಾನೆ ಎಂದು ಹೇಳು.

ರಾಮಲಿಂಗಪ್ಪ

*

ಬನಹಟ್ಟಿ
೨೪ ಏಪ್ರಿಲ್ ೨೦೨೦

ಮಾವನವರಿಗೆ ನಮಸ್ಕಾರ.

ಹೋದ ಸಲ ನಿಮಗೆ ಎಲ್ಲ ಬರೆದಿರಲಿಲ್ಲ. ದೂರ ಇದ್ದೀರಿ, ಸುಮ್ಮನೆ ಯಾಕೆ ಗಾಬರಿ ಎಂದು ಬಿಟ್ಟಿದ್ದೆ. ಈಗ ಮುಚ್ಚಿಡಲು ನನ್ನಿಂದ ಆಗುತ್ತಿಲ್ಲ.

ಅಕ್ಕು ಮೊದಲಿನ ಅಕ್ಕು ಉಳಿದಿಲ್ಲ. ಮಾತು ಕಡಿಮೆ ಮಾಡಿದ್ದಾಳೆ. ಕರೆದರೆ ತಿರುಗುವುದಿಲ್ಲ. ಮುಂದೆ ನಿಂತು ಕೇಳಿದರೆ ಮುಖ ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ, ಆಮೇಲೆ ಅಳುತ್ತಾಳೆ. ಜ್ವರ ಕೆಮ್ಮು ಇದೆಯೇ ಎಂದು ಮನೆಮನೆ ಕೇಳಲು ಆಶಾ ಕಾರ್ಯಕರ್ತೆ ಮಾದೇವಿ ಬಂದಿದ್ದಳು. ಬಾಗಿ ನಿಂತು "ಹೆಸರೇನವ್ವಾ" ಎಂದರೆ ಅಕ್ಕು ಅವಳ ಮಾಸ್ಕ ಹಿಡಿದು ಎಳೆದೇಬಿಟ್ಟಳು. ಮಾದೇವಿ ಹೆದರಿ ಹಿಂದೆ ಸರಿದಳು. ನಾನು ಅವಳಿಗಿಂತ ಹೆಚ್ಚು ಹೆದರಿದೆ.

ಮೊನ್ನೆ ಓಣಿಗೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಬಂತು. ಮೈಕಿನಲ್ಲಿ ಎಲ್ಲರೂ ಒಳಗೆ ಹೋಗಿರಿ ಎಂದು ಕೂಗುತ್ತಿದ್ದರು. ಎಲ್ಲರೂ ಒಳಗೆ ಓಡಿದರು. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಅಕ್ಕು ಒಬ್ಬಳೇ ಓಣಿಯ ನಡುವೆ ಬೆನ್ನು ಮಾಡಿ ಕುಂತು ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಡ್ರೈವರ್ ಹಾರನ್ ಹೊಡೆದ, ಹೊಡೆದೇ ಹೊಡೆದ. ಏಳಲಿಲ್ಲ. ಟ್ರ್ಯಾಕ್ಟರಿನ ಗಾಲಿ ಅವಳ ಫ್ರಾಕಿನ ಅಂಚಿಗೆ ಬಂದು ನಿಂತಿತು. ಡ್ರೈವರ್ ಇಳಿದು, "ಕೂಸಿಗೆ ಸಾಯೂ ಹುಚ್ಚ ಹಿಡದೈತೇನ್ರಿ" ಎಂದು ಇವರ ಮೇಲೆ ಹರಿಹಾಯ್ದ. ಇವರು ಆ ಹೆದರಿಕೆಯಲ್ಲಿ ಅಕ್ಕುನ ಬೆನ್ನಿಗೆ ಹೊಡೆದರು. ಎಂದೂ ಕೈ ಎತ್ತದವರು.

ಆಮೇಲೆ ಅಕ್ಕು ಕಾಣಲಿಲ್ಲ. ನಾನು ಕರೆದೆ, ಇವರು ಕರೆದರು, ಓಣಿಯವರು ಮನೆಮನೆಯ ಬಾಗಿಲಲ್ಲಿ ನಿಂತು ಕರೆದರು. ಮಗ್ಗದ ಸಪ್ಪಳ ಇಲ್ಲದ ಊರಲ್ಲಿ "ಅಕ್ಷತಾ, ಅಕ್ಷತಾ" ಎಂಬ ಕೂಗು ಎಷ್ಟು ದೂರ ಹೋಗುತ್ತದೆ ಗೊತ್ತೇ? ನನ್ನ ದನಿಯೇ ನನಗೆ ಅಂಜಿಕೆ ತರಿಸಿತು. ಬಾವಿಯ ಹತ್ತಿರ ಹೋದೆ, ಬಗ್ಗಿ ನೋಡಲು ಧೈರ್ಯವಾಗದೆ ನಿಂತೆ. ಕತ್ತಲಾಗುವ ಮುಂಚೆ ಇವರಿಗೆ ನಿಮ್ಮ ಹಳೆಯ ಕೈಮಗ್ಗದ ಕುಣಿಯಲ್ಲಿ ಕಂಡಳು. ನೀವು ಕಾಲು ಇಳಿಬಿಟ್ಟು ನೇಯುತ್ತಿದ್ದ ಜಾಗದಲ್ಲಿ ಮುದುಡಿ ಕುಂತಿದ್ದಳು. ನಾವೆಲ್ಲ ಆ ಕೋಣೆಯಲ್ಲೇ ನಿಂತು ಎಷ್ಟು ಹೊತ್ತು ಕೂಗಿದ್ದೆವು. ಓ ಅಂದಿರಲಿಲ್ಲ.

ಎದುರುಮನೆಯವರು ಗಾಳಿ ಬಡಿದಿದೆ ಎನ್ನುತ್ತಾರೆ. ಇವರು ದವಾಖಾನೆಗೆ ಒಯ್ಯೋಣ ಎಂದರು. ನಾನು ಬೇಡ ಎಂದೆ. ಮಾತಾಡದ ಕೂಸನ್ನು ನೋಡಿದರೆ ಇದೂ ಆ ಬೇನೆಯ ಲಕ್ಷಣ ಎಂದು ಒಯ್ದು ಎಲ್ಲೋ ಇಟ್ಟುಕೊಂಡರೆ? ಆರು ವರ್ಷದ ಕೂಸು. ನನ್ನನ್ನು ಒಳಗೆ ಬಿಡುತ್ತಾರೆಯೇ?

ಅನ್ನವ್ವಕ್ಕನಿಗೆ ಹೇಳಬೇಡಿ. ಬೀಗರೆಲ್ಲರಿಗೂ ಗೊತ್ತಾಗುತ್ತದೆ.

ಪೂರ್ಣಿಮಾ

*

ಬೀಳಗಿ
೩ ಮೇ ೨೦೨೦

ಪೂರ್ಣಿಮಾ, ನಿನ್ನ ಕಾಗದ ಓದಿದೆ.

ಆ ಹೊತ್ತಿನಲ್ಲೇ ಚಪ್ಪಲಿ ಮೆಟ್ಟಿ ಹೊರಟೆ. ಜಮಖಂಡಿ ರಸ್ತೆಯ ನಾಕಾದಲ್ಲಿ ಪೊಲೀಸನೊಬ್ಬ ತಡೆದ. ಅವನೂ ಮಾಸ್ಕ ಕಟ್ಟಿದ್ದ. ಅವನೇನು ಕೇಳಿದನೋ, ನಾನು "ಬನಹಟ್ಟಿಗಿ ಹೋಗ್ಬೇಕ್ರಿ, ಮೊಮ್ಮಗಳಿಗಿ ಆರಾಮಿಲ್ರಿ" ಎನ್ನುತ್ತ ಮುಂದೆ ನಡೆದೆ. ಹಿಂದಿನಿಂದ ಲಾಠಿ ಬಿತ್ತು. ಅವನು ನಿಲ್ಲು ಎಂದು ಕೂಗಿದ್ದನಂತೆ, ಅಳಿಯ ಬಂದು ಬಿಡಿಸಿಕೊಂಡು ಹೋದ. ಪೆಟ್ಟು ಭಾರಿಯಲ್ಲ. ಅವಮಾನ ಭಾರಿ.

ಆ ದಿನ ಮನೆಗೆ ಬಂದು ಊಟಕ್ಕೆ ಕುಂತಾಗ ಒಂದು ವಿಚಿತ್ರ ನಡೆಯಿತು. ಅನ್ನವ್ವ ದೂರ ಕುಂತು ತಾನೂ ಉಣ್ಣಲೆಂದು ಮಾಸ್ಕ ಬಿಚ್ಚಿದಳು. "ಇನ್ನೊಂದ್ ರೊಟ್ಟಿ ಹಾಕ್ಲೇನಪಾ? ಹಿಂಗ ಹೇಳದ ಕೇಳದ ಹೋಗ್ತಾರೇನ?" ಎಂದಳು. ಒಂದಕ್ಷರ ಬಿಡದೆ ತಿಳಿಯಿತು. ಉಂಡು ಮಾಸ್ಕ ಕಟ್ಟಿಕೊಂಡು ಮತ್ತೆ ಏನೋ ಅಂದಳು. ಏನೂ ಇಲ್ಲ. ಗುಂಯ್ ಎಂಬ ಗಾಳಿ ಅಷ್ಟೇ. ನಾನು ಅವಳ ಮಾಸ್ಕ ಬಿಚ್ಚಿಸಿದೆ, ಕಟ್ಟಿಸಿದೆ, ಬಿಚ್ಚಿಸಿದೆ. ಅವಳು, "ಅಪ್ಪಾ, ನಿನಗೇನ್ ಹುಚ್ಚ ಹಿಡೀತೇನ" ಎಂದು ಅಳುವಂತಾದಳು. ಪಾಪ, ನನ್ನ ಮಗಳು ಇಷ್ಟು ದಿನವೂ ನನ್ನ ಜೊತೆ ಮಾತಾಡುತ್ತಲೇ ಇದ್ದಳು. ಬಾಯಿ ಮುಚ್ಚಿದ್ದರಿಂದ ನನಗೆ ಕೇಳಿಸಲಿಲ್ಲ.

ಮಗ್ಗದ ಸಪ್ಪಳದಲ್ಲಿ ಕಿವಿ ಸ್ವಲ್ಪ ಮಂದವಾಗಿವೆ ಎಂದು ಗೊತ್ತಿತ್ತು, ಫೋನಿನದೇ ತಪ್ಪು ಎಂದು ಬಿಟ್ಟಿದ್ದೆ. ಈಗ ನೋಡಿದರೆ ನನ್ನ ಕಿವಿಗಳು ಎಂದೋ ಸತ್ತುಹೋಗಿವೆ. ನಾನು ಮಂದಿಯ ಮಾತನ್ನು ಕೇಳುತ್ತಿರಲಿಲ್ಲ, ಅವರ ಬಾಯಿ ನೋಡುತ್ತಿದ್ದೆ. ನಾವು ಮಗ್ಗದವರು ಹಾಗೇ ಅಲ್ಲವೇ, ಖಟಖಟದಲ್ಲಿ ಯಾರು ದನಿ ಹೊರಡಿಸುತ್ತಾರೆ? ಎಂಥ ಮುದುಕ ನೋಡು, ತಾನು ಕಿವುಡ ಎಂಬುದನ್ನು ತಿಳಿಯಲು ಜಗತ್ತಿಗೇ ರೋಗ ಬರಬೇಕಾಯಿತು.

ಇದೆಲ್ಲ ನನ್ನ ಸುದ್ದಿ, ಬಿಡು. ಅಕ್ಕು ಬೆದರಿದ್ದಾಳೆ, ಅಷ್ಟೇ. ಮಠಕ್ಕೆ ಹೋಗಿ ವಿಭೂತಿ ತಂದು ಹಚ್ಚು. ಒಬ್ಬಳನ್ನೇ ಬಿಡಬೇಡ. ಗುರುಪಾದನಿಗೆ ಹೇಳು, ಮತ್ತೆ ಕೈ ಮಾಡಿದರೆ ನಾನು ನಡೆದೇ ಬರುತ್ತೇನೆ, ನಾಕಾ ಇರಲಿ, ಲಾಠಿ ಇರಲಿ.

ರಾಮಲಿಂಗಪ್ಪ

*

ಬನಹಟ್ಟಿ
೧೧ ಮೇ ೨೦೨೦

ಮಾವನವರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಕಿವಿಯ ಸುದ್ದಿಗೆ ಮೊದಲ ಸಲ ನಕ್ಕೆ. ಎರಡನೆಯ ಸಲ, ನೀವು ಮಂದಿಯ ಬಾಯಿ ನೋಡುತ್ತಿದ್ದೆ ಎಂದ ಸಾಲಿಗೆ ಬಂದು ನಿಂತೆ. ಕಾಗದ ಅಲ್ಲೇ ಇಟ್ಟು ಎದ್ದೆ.

ಅಕ್ಕು ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ ಗೊಂಬೆಗೆ ಸೀರೆ ಉಡಿಸುತ್ತಿದ್ದಳು. ನಾನು ಹಿಂದೆ ನಿಂತು ಮೆಲ್ಲಗೆ "ಅಕ್ಕು" ಎಂದೆ. ಜೋರಾಗಿ ಎಂದೆ. ಮತ್ತೂ ಜೋರಾಗಿ ಎಂದೆ. ಹೊರಗೆ ದಾರಿಯಲ್ಲಿ ಹೋಗುತ್ತಿದ್ದ ನಾಯಿ ತಿರುಗಿ ನೋಡಿತು. ನನ್ನ ಮಗಳು ತಿರುಗಲಿಲ್ಲ. ಕಾಲಿನಿಂದ ನೆಲ ಬಡಿದೆ. ಆಗ ತಿರುಗಿದಳು.

ಹತ್ತಿರ ಕುಂತು ಮಾಸ್ಕ ಬಿಚ್ಚಿದೆ. ಅವಳು ನನ್ನ ಮುಖ ನೋಡಿದ ರೀತಿ ಹೇಗೆ ಬರೆಯಲಿ, ಎಷ್ಟೋ ದಿನದ ಮೇಲೆ ತಾಯಿ ಸಿಕ್ಕಂತೆ ನೋಡಿದಳು. ನಾನು ದನಿಯೇ ಹೊರಡಿಸಲಿಲ್ಲ. ಬರೀ ತುಟಿಯಲ್ಲಿ "ಅಕ್ಕು, ಒಳಗಿಂದ ಒಂದ್ ಲೋಟಾ ನೀರ ತಾ" ಎಂದೆ. ಓಡಿಹೋಗಿ ತಂದಳು. ನೀರು ಕೈಯಲ್ಲಿ ಹಿಡಿದು ನಾನು ಕುಡಿಯಲಾರದೆ ಕುಂತೆ.

ಅವಳಿಗೆ ಕೇಳಿಸುವುದಿಲ್ಲ, ಮಾವನವರೇ. ಕಿವಿಯ ಹತ್ತಿರ ಒದರಿದರೆ ಸ್ವಲ್ಪ ತಿಳಿಯುತ್ತದೆ, ಅಷ್ಟೇ. ಯಾವಾಗಿನಿಂದಲೋ ದೇವರಿಗೆ ಗೊತ್ತು. ನಮ್ಮ ಮನೆಯಲ್ಲಿ ಯಾರು ಯಾರನ್ನು ಹಿಂದಿನಿಂದ ಕರೆದಿದ್ದೇವೆ? ಮಗ್ಗ ನಡೆದಿರುತ್ತದೆ, ಕರೆಯಬೇಕೆಂದರೆ ಹೋಗಿ ಭುಜ ಮುಟ್ಟುತ್ತೇವೆ, ಮುಖ ನೋಡಿ ಬಾಯಿ ಆಡಿಸುತ್ತೇವೆ. ಅವಳು ನಮ್ಮೆಲ್ಲರ ಹಾಗೇ ಇದ್ದಳು. ನಮ್ಮೆಲ್ಲರಿಗಿಂತ ಚುರುಕಾಗಿ ಇದ್ದಳು. ಕೆಲವು ಅಕ್ಷರ ನುಂಗಿ ಮಾತಾಡಿದರೆ ಮುದ್ದು ಎಂದೆವು. ಶಾಲೆಯ ಟೀಚರು "ಬೋರ್ಡಿನ ಕಡೆ ತಿರುಗಿ ಹೇಳಿದ್ದು ಒಂದೂ ತಲಿಗಿ ಹೋಗೂದಿಲ್ಲ, ಭಾಳ ಮೊಂಡ ಹುಡಿಗಿ" ಎಂದಾಗ ನಾನೂ ಹೌದೆಂದು ತಲೆ ಆಡಿಸಿ ಬಂದಿದ್ದೆ.

ಊರು ಬಾಯಿ ಕಟ್ಟಿಕೊಂಡ ದಿನ ನನ್ನ ಕೂಸಿಗೆ ಇಡೀ ಜಗತ್ತು ಮೂಕಾಯಿತು. ಯಾಕೆ ಎಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ತಿಳಿಯುತ್ತಿರಲಿಲ್ಲ.

ಇವರಿಗೆ ಹೇಳಿದೆ. ಅವಳ ಬೆನ್ನು ಸವರುತ್ತ ಕುಂತುಬಿಟ್ಟರು, ಊಟಕ್ಕೆ ಏಳಲಿಲ್ಲ.

ಗಾಳಿಯಲ್ಲ, ಹುಚ್ಚಲ್ಲ ಎಂದು ಒಂದು ಗಳಿಗೆ ಸಮಾಧಾನ. ಮುಂದಿನ ಗಳಿಗೆಗೆ ಇದಕ್ಕಿಂತ ದೊಡ್ಡ ಹೆದರಿಕೆ. ಇದು ಹೆಚ್ಚುತ್ತ ಹೋದರೆ? ಬಂದಿರುವ ನಾಲ್ಕು ಮಾತೂ ಹೋದರೆ? ದವಾಖಾನೆಗಳೆಲ್ಲ ಒಂದೇ ಬೇನೆಗೆ ಬಾಗಿಲು ತೆರೆದಿರುವಾಗ ಕಿವಿಯನ್ನು ಯಾರು ನೋಡುತ್ತಾರೆ?

ಪೂರ್ಣಿಮಾ

*

ಬೀಳಗಿ
೨೨ ಮೇ ೨೦೨೦

ಯವ್ವಾ ಪೂರ್ಣಿಮಾ,

ಹೆಚ್ಚು ಬರೆಯಲು ಕೈ ಓಡುತ್ತಿಲ್ಲ. ಕೂಸು ನನ್ನ ಕಾಲ ಬಳಿ ಬೆಳೆಯಿತು. ನನಗೂ ಅವಳಿಗೂ ಅಷ್ಟು ಮಾತು ಹೇಗೆ ಹೊಂದುತ್ತಿತ್ತು ಎಂದು ಈಗ ತಿಳಿಯುತ್ತಿದೆ. ಇಬ್ಬರೂ ಬಾಯಿ ನೋಡುವವರೇ.

ಅಳಿಯನನ್ನು ಕೇಳಿದೆ. "ಮಾವಾರ, ಸಣ್ಣ ವಯಸ್ಸಿನ್ಯಾಗ ಗೊತ್ತಾದ್ರ ಛಲೋನ ಆತ್ರಿ. ಈಗ ಕಿವಿ ಮಶಿನ್ ಭಾಳ ಸುಧಾರಿಸ್ಯಾವು" ಎಂದು ಬರೆದು ತೋರಿಸಿದ. ಬಾಗಲಕೋಟೆಯಲ್ಲಿ ಕಿವಿಯ ಡಾಕ್ಟರರು ಇದ್ದಾರಂತೆ, ಪರವಾನಗಿಯ ಚೀಟಿ ಅವನೇ ಮಾಡಿಸುತ್ತಾನೆ. ಅನ್ನವ್ವನಿಂದ ಮುಚ್ಚಿಡಲು ಆಗಲಿಲ್ಲ. ಬಯ್ಯಬೇಡ. ಅವಳು ಯಾರಿಗೂ ಹೇಳಿಲ್ಲ, ಅತ್ತಿದ್ದಾಳೆ ಅಷ್ಟೇ.

ಬಸ್ಸು ಬಿಟ್ಟಿದ್ದಾರೆ. ಮುಂದಿನ ವಾರ ನಾನು ಬರುತ್ತೇನೆ.

ರಾಮಲಿಂಗಪ್ಪ

*

ಬನಹಟ್ಟಿ
೨೦ ಜೂನ್ ೨೦೨೦

ಮಾವನವರಿಗೆ ನಮಸ್ಕಾರ.

ನೀವು ಬರುವ ವಾರವೇ ಬೇನೆ ಬಂತೆಂದು ನಮ್ಮ ಹಿಂದಿನ ಓಣಿಗೆ ಬೇಲಿ ಕಟ್ಟಿದರು. ಬರಬೇಡಿ ಎಂದು ಫೋನಿನಲ್ಲಿ ಹೇಳಿಸಿದ್ದು ಅದಕ್ಕೇ. ಸಿಟ್ಟಾಗಿದ್ದೀರಾ? ಅದಾದ ಮೇಲೆ ನಿಮ್ಮ ಕಾಗದ ಇಲ್ಲ.

ಬಾಗಲಕೋಟೆಗೆ ಹೋಗಿ ಬಂದೆವು. ಲೋಕಾಪುರ ದಾಟುವವರೆಗೆ ಅಕ್ಕು ನನ್ನ ಸೆರಗು ಬಿಡಲಿಲ್ಲ, ನಾನು ದೇವರನ್ನು ಬಿಡಲಿಲ್ಲ. ಡಾಕ್ಟರರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹೊರಗೆ ಬಂದು, "ಪೂರ್ತಿ ಕಿವುಡಲ್ಲ. ಮಶಿನ್ ಹಾಕಿದ್ರ ಕೇಳಸ್ತೈತಿ, ಮಾತೂ ತಿದ್ದತೈತಿ. ಇನ್ನ ಎರಡ ವರ್ಷ ತಡಾ ಮಾಡಿದ್ರ ಕಷ್ಟ ಇತ್ತವ್ವಾ. ಹೆಂಗ ಗೊತ್ತಾತು ನಿಮಗ?" ಎಂದರು. ಮಗ್ಗ ನಿಂತಿತ್ತು, ಅವರಜ್ಜ ಕಾಗದ ಬರೆದರು ಎಂದೆ. ಅವರಿಗೆ ಏನೂ ತಿಳಿಯಲಿಲ್ಲ. ಮಶಿನ್ ಬೆಂಗಳೂರಿನಿಂದ ಬರಬೇಕು, ಯಾವಾಗ ಎಂದು ಹೇಳಲಾರರಂತೆ.

ಅಲ್ಲಿಯವರೆಗೆ ನಾನೊಂದು ಉಪಾಯ ಮಾಡಿದ್ದೇನೆ. ಸೀರೆ ಹಾಕುವ ಪ್ಲಾಸ್ಟಿಕ್ ಕವರುಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಮಾಸ್ಕಿನ ನಡುವೆ ಕತ್ತರಿಸಿ ಆ ಕವರಿನ ತುಂಡು ಹಚ್ಚಿ ಹೊಲಿದೆ. ಬಾಯಿ ಕಾಣುತ್ತದೆ. ಹಾಕಿಕೊಂಡರೆ ಬೆವರಿ ಮಬ್ಬಾಗುತ್ತದೆ, ಒಳಗೆ ಸ್ವಲ್ಪ ಸೋಪು ಸವರಿದರೆ ಆಗುವುದಿಲ್ಲ. ಅಕ್ಕು ಅದನ್ನು ನೋಡಿ ನಕ್ಕಳು. ನಕ್ಕಳು, ಮಾವನವರೇ!

ತಮಾಷೆ ಕೇಳಿ. ಓಣಿಯ ಹಿರಿಯರು ಒಬ್ಬೊಬ್ಬರೇ ಬಂದು ತಮ್ಮ ಸೊಸೆಯಂದಿರಿಗೂ ಅಂಥದ್ದೇ ಹೊಲಿದುಕೊಡು ಎನ್ನುತ್ತಿದ್ದಾರೆ. ನಮ್ಮ ಓಣಿಯ ಅರ್ಧ ಮುದುಕರಿಗೆ ಕೇಳಿಸುವುದಿಲ್ಲ. ಇಷ್ಟು ದಿನ ಸೊಸೆಯಂದಿರು ಸೊಕ್ಕಿನಿಂದ ಮಾತು ಬಿಟ್ಟಿದ್ದಾರೆ ಎಂದು ಮನೆಮನೆಯಲ್ಲಿ ಜಗಳ ನಡೆದಿತ್ತಂತೆ.

ಅನ್ನವ್ವಕ್ಕನ ಮನೆಗೆಂದು ಐದು ಕಳಿಸಿದ್ದೇನೆ. ಕಾಗದ ಬರೆಯಿರಿ.

ಪೂರ್ಣಿಮಾ

*

ಬನಹಟ್ಟಿ
೧೪ ಜುಲೈ ೨೦೨೦

ಮಾವನವರೇ,

ನಿಮ್ಮಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದರೆ ಅನ್ನವ್ವಕ್ಕ "ಅಪ್ಪ ಆರಾಮ ಅದಾನ, ಮಲಗ್ಯಾನ" ಎನ್ನುತ್ತಾರೆ. ಬೆಳಗ್ಗೆ ಮಾಡಿದರೂ ಮಲಗಿದ್ದೀರಿ, ಸಂಜೆ ಮಾಡಿದರೂ ಮಲಗಿದ್ದೀರಿ. ಅವರ ದನಿ ಮೊದಲಿನಂತೆ ಇಲ್ಲ. ಈಗ ಸಪ್ಪಳವಿಲ್ಲದ ಮನೆಯಲ್ಲಿ ಕುಂತು ಕುಂತು ನನಗೆ ದನಿಯ ಹಿಂದಿನದೂ ಕೇಳಿಸುತ್ತದೆ. ಇವರೂ ನಾನೂ ಅಂಗಳದಲ್ಲಿ ನಾಮದೇವಣ್ಣನ ಸೈಕಲ್ಲಿನ ದಾರಿ ಕಾಯುತ್ತೇವೆ.

ಒಂದೇ ಸಾಲು ಸಾಕು. ನಿಮ್ಮ ಕೈಬರಹ ಇರಲಿ.

ಪೂರ್ಣಿಮಾ

*

ಬೀಳಗಿ
೯ ಆಗಸ್ಟ್ ೨೦೨೦

ಚಿ. ಸೌ. ಪೂರ್ಣಿಮಾಳಿಗೆ,

ಇದು ನನ್ನದೇ ಕೈಬರಹ. ಗೆರೆ ಸೊಟ್ಟ ಬಂದರೆ ನಗು, ಹೆದರಬೇಡ.

ನನಗೆ ಬಂದಿತ್ತು. ನಿಮಗೆ ಹೇಳಬಾರದೆಂದು ಅನ್ನವ್ವನಿಂದ ಆಣೆ ಹಾಕಿಸಿಕೊಂಡಿದ್ದೆ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ. ಜ್ವರ ಬಂತು, ಉಸಿರು ಸಣ್ಣದಾಯಿತು. ಒಂದು ಮಧ್ಯಾಹ್ನ ಗಾಡಿ ಬಂದು ನಿಂತಿತು. ಮೈತುಂಬ ಬಿಳಿ ಅಂಗಿ ತೊಟ್ಟ ಇಬ್ಬರು ಇಳಿದರು. ಅವರಿಗೆ ಬಾಯಿ ಇಲ್ಲ, ಮುಖವೇ ಇಲ್ಲ. ಏನೋ ಹೇಳಿದರು. ಎಲ್ಲಿಗೆ ಒಯ್ಯುತ್ತಿದ್ದಾರೆ, ಮರಳಿ ತರುತ್ತಾರೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವರು ಬೆರಳು ಒಂದೊಂದೇ ಬಿಡಿಸಿದರು. ಒರಟಾಗಿ ಅಲ್ಲ, ಆದರೆ ಬಿಡಿಸಿದರು. ಆ ಗಾಡಿಯಲ್ಲಿ ಕುಂತಾಗ ನನಗೆ ನನ್ನ ಮಗ್ಗದ ಕುಣಿಯಲ್ಲಿ ಮುದುಡಿದ್ದ ಅಕ್ಕು ಕಣ್ಣ ಮುಂದೆ ಬಂದಳು. ಎಪ್ಪತ್ತು ವರ್ಷದ ಗಂಡಸು ನಾನು, ನನಗೇ ಪ್ರಾಣ ಹೋಗುವಷ್ಟು ಅಂಜಿಕೆ. ಆ ಕೂಸು ಹೇಗೆ ತಡೆದುಕೊಂಡಿತು?

ಒಂದು ಹಾಸ್ಟೆಲ್ಲಿನ ಮೇಲಂತಸ್ತಿನಲ್ಲಿ ಇಟ್ಟರು. ಕಾಳಜಿಯಿಂದಲೇ ನೋಡಿಕೊಂಡರು. ಆದರೆ ನನಗೆ ಹಗಲೂ ರಾತ್ರಿಯೂ ಒಂದೇ ಮೌನ. ಪಕ್ಕದ ಕಾಟಿನವನು ಒಂದು ಮುಂಜಾನೆ ಇರಲಿಲ್ಲ. ಮನೆಗೆ ಹೋದನೋ, ಸತ್ತನೋ, ಕೇಳಿದರೂ ಉತ್ತರ ನನಗೆ ತಿಳಿಯುವಂತಿರಲಿಲ್ಲ. ನನ್ನ ಸರದಿ ಎಂದು ಕಾಯುತ್ತ ಕುಂತೆ.

ಒಂದು ದಿನ ಕಿಟಕಿಯಲ್ಲಿ ನಿಂತಿದ್ದೆ. ಗೇಟಿನ ಆಚೆ ಬೇವಿನ ಗಿಡದ ಕೆಳಗೆ ಅನ್ನವ್ವ ನಿಂತಿದ್ದಳು. ಅವಳ ಮುಖದ ಮೇಲೆ ನಿನ್ನ ಸೀರೆ ಕವರಿನ ಮಾಸ್ಕ. ದೂರದಿಂದ ತುಟಿ ಆಡಿಸಿದಳು, "ಅಪ್ಪಾ, ಉಂಡೀ?" ಎಂದು. ಪೂರ್ಣಿಮಾ, ಎಷ್ಟೋ ದಿನದ ಮೇಲೆ ನನ್ನ ಕಡೆಗೆ ಬಂದ ಮೊದಲ ಮಾತು ಅದು. ಕಿಟಕಿಯ ಸರಳು ಹಿಡಿದು ಅತ್ತೆ. "ಅಳಬ್ಯಾಡ, ರಿಪೋರ್ಟ ಛಲೋ ಐತಿ, ಬರೂ ವಾರ ಮನಿಗಿ" ಎಂದಳು. ಅವಳ ಸುತ್ತ ನಿಂತವರು ಗಂಟಲು ಹರಿಯುವಂತೆ ಮೇಲಕ್ಕೆ ಕೂಗುತ್ತಿದ್ದರು, ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ನಾನೊಬ್ಬನೇ ಮಗಳ ಜೊತೆ ಮನಸಾರೆ ಮಾತಾಡಿದೆ. ಆಮೇಲೆ ಪಕ್ಕದವರು ನನ್ನ ತೋಳು ಜಗ್ಗಿ, ತಮ್ಮವರನ್ನು ತೋರಿಸಿ, ಅವರೇನು ಅನ್ನುತ್ತಿದ್ದಾರೆ ಹೇಳು ಎಂದು ಕೈಮಾಡಿ ಕೇಳತೊಡಗಿದರು. ಕೆಳಗಿನವರು ಮಾಸ್ಕ ಸರಿಸುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. "ಎಮ್ಮಿ ಈದೈತಂತ." "ನಿನ್ನ ಮಗಾ ಹಟಾ ಮಾಡದ ಉಣ್ಣಾಕತ್ತಾನಂತ." ಅಷ್ಟು ಹೇಳುವಷ್ಟರಲ್ಲಿ ಅವರ ಅಂಜಿಕೆ ಅರ್ಧ ಇಳಿಯುತ್ತಿತ್ತು, ನನ್ನದೂ.

ಈಗ ಮನೆಯಲ್ಲಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು. ಶಕ್ತಿ ಬಂದ ಮೇಲೆ ಬರುತ್ತೇನೆ.

ರಾಮಲಿಂಗಪ್ಪ

*

ಬನಹಟ್ಟಿ
೨೧ ಸೆಪ್ಟೆಂಬರ್ ೨೦೨೦

ಮಾವನವರಿಗೆ ನಮಸ್ಕಾರ. ಮೈಯಲ್ಲಿ ಶಕ್ತಿ ಬರುತ್ತಿದೆ ಎಂದು ಅನ್ನವ್ವಕ್ಕ ಹೇಳಿದರು. ಈ ಸಲ ಅವರನ್ನು ನಂಬಿದ್ದೇನೆ.

ಅಕ್ಕುನ ಮಶಿನ್ ಬಂತು. ಇಷ್ಟು ದಿನ ಅದರ ದಾರಿ ಕಾದಿದ್ದೆವು. ಕಿವಿಗೆ ಹಾಕಿದ ದಿನ ಏನಾಯಿತೆಂದು ಹೇಗೆ ಬರೆಯಲಿ? ಕುಕ್ಕರ್ ಸೀಟಿ ಹೊಡೆಯಿತು, ಕೂಸು ಚೀರಿ ಇವರ ಕಾಲು ತಬ್ಬಿಕೊಂಡಿತು. ಆಮೇಲೆ ನಳದ ನೀರು, ಬಳೆ, ಚಪ್ಪಲಿ, ಒಂದೊಂದಕ್ಕೂ ಬೆಚ್ಚಿ ನನ್ನ ಮುಖ ನೋಡುವುದು. ಮರುದಿನ ಓಣಿಯ ಪಾವರಲೂಮುಗಳು ಎಲ್ಲ ಒಟ್ಟಿಗೇ ಶುರುವಾದವು. ತಾನು ಹುಟ್ಟಿ ಬೆಳೆದ ಸಪ್ಪಳವನ್ನು ಅವಳು ಅಂದು ಮೊದಲ ಸಲ ಪೂರ್ತಿ ಕೇಳಿದಳು. ಮಶಿನ್ ಕಿತ್ತು ಎಸೆದು ಓಡಿದಳು. ಎಲ್ಲಿಗೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಾನು ಈ ಸಲ ಕೂಗಲಿಲ್ಲ, ನಿಮ್ಮ ಕುಣಿಯೊಳಗೆ ಇಳಿದು ಪಕ್ಕದಲ್ಲಿ ಕುಂತೆ.

ಅಂದಿನಿಂದ ಹಾಕಿಕೊಳ್ಳಲು ಒಲ್ಲೆ ಎನ್ನುತ್ತಾಳೆ. ಮುದ್ದು ಮಾಡಿದೆ, ಬೈದೆ, ಆಸೆ ತೋರಿಸಿದೆ. "ಅಜ್ಜಾಗೂ ಕೇಳಸೂದಿಲ್ಲ. ಅಜ್ಜಾಗ ಬ್ಯಾಡಂದ್ರ ನನಗೂ ಬ್ಯಾಡ" ಎಂದು ಒಂದೇ ಹಠ. ಡಾಕ್ಟರರು ಈಗ ಹಾಕಿ ರೂಢಿ ಮಾಡದಿದ್ದರೆ ಮಾತು ತಿದ್ದುವುದಿಲ್ಲ ಎಂದಿದ್ದಾರೆ. ಕೈಗೆ ಬಂದದ್ದು ಕಣ್ಣೆದುರೇ ಜಾರಿಹೋಗುತ್ತದೆಯೋ ಎಂದು ಭಯವಾಗಿದೆ. ಇಷ್ಟು ಹೆದರಿಕೆ ಆ ಬೇನೆಗೂ ಪಟ್ಟಿರಲಿಲ್ಲ.

ನಾಳೆ ಅಜ್ಜನಿಗೆ ಫೋನ್ ಹಚ್ಚುತ್ತೇನೆ, ಅದಕ್ಕೆ ಮಶಿನ್ ಹಾಕಿಕೊಳ್ಳಬೇಕು ಎಂದು ಪುಸಲಾಯಿಸಿದ್ದೇನೆ. ನಿಮಗೆ ಕೇಳಿಸುವುದಿಲ್ಲ ಎಂದು ಗೊತ್ತು. ಬೇರೆ ದಾರಿ ತೋಚಲಿಲ್ಲ. ಈ ಕಾಗದ ನಿಮಗೆ ಮುಟ್ಟುವ ಮೊದಲೇ ಫೋನ್ ಆಗಿರುತ್ತದೆ.

ಪೂರ್ಣಿಮಾ

*

ಬೀಳಗಿ
೨೨ ಸೆಪ್ಟೆಂಬರ್ ೨೦೨೦

ಪೂರ್ಣಿಮಾ,

ನಿನ್ನ ಕಡೆಯಿಂದ ಇತ್ತೀಚೆಗೆ ಕಾಗದ ಬಂದಿಲ್ಲ, ಇವತ್ತು ಫೋನೇ ಬಂತು. ಅನ್ನವ್ವ ಓಡಿಬಂದು, "ಅಕ್ಕು ಮಾತಾಡಾಕತ್ತಾಳ" ಎಂದು ಬಾಯಿ ತೋರಿಸಿ ಹೇಳಿ ಫೋನನ್ನು ನನ್ನ ಕಿವಿಗೆ ಒತ್ತಿದಳು. ಒತ್ತಿ ಹಿಡಿದೆ. ಈ ಕಿವಿಗೆ, ಆ ಕಿವಿಗೆ. ಗಾಳಿಯೂ ಬರಲಿಲ್ಲ. ಆ ಕಡೆ ಕೂಸು ಇದೆ, ಏನೋ ಕೇಳುತ್ತಿದೆ, ಉತ್ತರಕ್ಕೆ ಕಾಯುತ್ತಿದೆ ಎಂದು ಮಾತ್ರ ಗೊತ್ತು. ಸುಮ್ಮನಿದ್ದರೆ ಅಜ್ಜ ಮುನಿಸಿಕೊಂಡ ಎಂದು ಅಂದುಕೊಂಡಾಳು. ಮಾತಾಡದ ಮುಖದ ಎದುರು ಕುಂತರೆ ಏನಾಗುತ್ತದೆ ಎಂದು ನನಗಿಂತ ಯಾರಿಗೆ ಗೊತ್ತು? ಅದಕ್ಕೇ ಧೈರ್ಯ ಮಾಡಿ ಜೋರಾಗಿ "ಹೂಂ" ಎಂದೆ.

ತಪ್ಪಿ ಏನಾದರೂ ಒಪ್ಪಿಕೊಂಡೆನೇನು? ಅವಳು ಏನು ಕೇಳಿದಳು? ತಡಮಾಡದೆ ಬರೆ. ನನಗೆ ಕೇಳಿಸಲಿಲ್ಲ ಎಂದು ಅವಳಿಗೆ ಹೇಳಬೇಡ.

ರಾಮಲಿಂಗಪ್ಪ

*

ಬನಹಟ್ಟಿ
೩೦ ಸೆಪ್ಟೆಂಬರ್ ೨೦೨೦

ಮಾವನವರ ಪಾದಗಳಿಗೆ ನಮಸ್ಕಾರ.

ಅವಳು ಮಶಿನ್ ಹಾಕಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ್ದು ಇಷ್ಟೇ:

"ಅಜ್ಜಾ, ನನಗ ಕೇಳಸಾಕತ್ತೈತಿ. ನಿನಗೂ ಕೇಳಸ್ತೈತೇನ?"

ನೀವು "ಹೂಂ" ಎಂದಿರಿ.

ಮುಖ ಕಾಣದೆ, ತುಟಿ ಕಾಣದೆ, ಬರೀ ಕಿವಿಯಿಂದ ನನ್ನ ಮಗಳು ಕೇಳಿದ ಮೊದಲ ಮಾತು ಅದು. ಫೋನ್ ನನ್ನ ಕೈಗೆ ಕೊಟ್ಟು ಓಣಿಗೆ ಓಡಿದಳು. "ನಮ್ಮ ಅಜ್ಜಾಗ ಕೇಳಸ್ತೈತಿ, ನಮ್ಮ ಅಜ್ಜಾಗ ಕೇಳಸ್ತೈತಿ" ಎಂದು ಮಗ್ಗದ ಸಪ್ಪಳದ ನಡುವೆ ಮನೆಮನೆಗೆ ಹೇಳಿಬಂದಳು. ಅಂದಿನಿಂದ ಮಶಿನ್ ಬಿಚ್ಚಿಲ್ಲ. ಮಗ್ಗಗಳು ಶುರುವಾದರೆ ಈಗಲೂ ಹೆದರುತ್ತಾಳೆ, ಆದರೆ ನನ್ನ ಕೈ ಹಿಡಿದು ನಿಲ್ಲುತ್ತಾಳೆ.

ನಿಮ್ಮ ಮಾತು ಸುಳ್ಳೆಂದು ನಾನು ಅವಳಿಗೆ ಹೇಳಲಾರೆ. ಅವಳು ಹಿಂದಿನಿಂದ ಬಂದು "ಅಜ್ಜಾ" ಎಂದರೆ ನೀವು ತಿರುಗಲೇಬೇಕು. ಕಿವಿಯ ಡಾಕ್ಟರರ ಹತ್ತಿರ ನಿಮ್ಮ ಹೆಸರನ್ನೂ ಹಚ್ಚಿ ಬಂದಿದ್ದೇವೆ. ಕರದಂಟು ಮರೆಯದೆ ಬೇಗ ಬನ್ನಿ.

ಪೂರ್ಣಿಮಾ